ಕಣ್ಣಿನ ಒಳಗನ್ನು ಕಂಡ ಹೆಲ್ಮ್‌ಹೋಲ್ಟ್ಸನ ಚರಿತ್ರೆ

ಮನುಷ್ಯನ ಕಣ್ಣಿನ ನಡುವಿರುವ ಪಾಪೆಯು ಯಾವಾಗಲೂ ಕಪ್ಪಾಗಿ ಕಾಣುವದನ್ನು ನಾವೆಲ್ಲರೂ ಬಲ್ಲೆವು. ಅದು ಬೆಳಕು ಒಳಗೆ ಹೋಗುವ ಕಿಟಿಕಿಯಾಗಿದೆ. ಅದರ ಹಿಂದೆ ಒಂದು ಚಿಕ್ಕ ಕೋಣೆಯುಂಟು. ಆ ಕೋಣೆಯ ಹಿಂಗೋಡೆಗೆ ನವುರಾದ ಪರದೆಯೊಂದು ಅಂಟಿಕೊಂಡಿದೆ. ನಾವು ನೋಡುವದೆಲ್ಲವೂ ಆ ಪರದೆಯ ಮೇಲೆ ಬಿಂಬವಾಗಿ ಬೀಳುತ್ತದೆ. ಆದರೆ 1850ನೆಯ ಇಸವಿಯ ವರೆಗೆ, ಬದುಕಿರುವ ಮನುಷ್ಯನ ಕಣ್ಣಿನಲ್ಲಿ ಆ ಪರದೆಯನ್ನು ಸ್ಪಷ್ಟವಾಗಿ ನೋಡುವ ಉಪಾಯವು ವೈದ್ಯರ ಕೈಯಲ್ಲಿ ಇರಲಿಲ್ಲ. ಹೊರಗೆ ಕಣ್ಣು ನಿರ್ಮಲವಾಗಿದ್ದು ನೋಟ ಮಾತ್ರ ನಂದಿಹೋದ ರೋಗಿಯು ಬಂದರೆ, ಅವರು ಆ ರೋಗವನ್ನು ಅಮಾರೋಸಿಸ್ ಎಂದು ಕರೆದು ಸುಮ್ಮನಾಗುತ್ತಿದ್ದರು. ಅಂಥ ರೋಗದಲ್ಲಿ ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು ಎಂಬ ಹಾಸ್ಯವು ವೈದ್ಯರೊಳಗೇ ನಡೆಯುತ್ತಿತ್ತು. ಆ ಕತ್ತಲೆಯನ್ನು ತೊಲಗಿಸಿದವನು ಜರ್ಮನಿ ದೇಶದ ಹೆರ್ಮನ್ ಹೆಲ್ಮ್‌ಹೋಲ್ಟ್ಸನು.

ಈತನು 1821ನೆಯ ಇಸವಿ ಆಗಸ್ಟ್ 31ರಂದು ಬರ್ಲಿನ್ ನಗರದ ಹತ್ತಿರವಿರುವ ಪೊಟ್ಸ್‌ಡಾಮ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯು ಅಲ್ಲಿನ ಪಾಠಶಾಲೆಯಲ್ಲಿ ಉಪಾಧ್ಯಾಯನು. ಮಗುವು ಬಹಳ ರೋಗಿಷ್ಠವಾಗಿದ್ದು, ಮೊದಲ ಏಳು ವರುಷಗಳಲ್ಲಿ ಹೆಚ್ಚಾಗಿ ಮನೆಯಲ್ಲಿಯೂ ಹಾಸಿಗೆಯಲ್ಲಿಯೂ ಕಾಲ ಕಳೆಯಿತು. ಆಗ ಮರದ ತುಂಡುಗಳನ್ನು ಒಂದರ ಮೇಲೊಂದಿಟ್ಟು ಆಡುತ್ತಾ, ಆಕಾರಗಳ ಅಳತೆಯನ್ನೂ ಸಂಬಂಧವನ್ನೂ ಯಾರೂ ಹೇಳಿಕೊಡದೆ ಕಲಿತುಕೊಂಡಿತು. ಶಾಲೆಗೆ ಹೋದ ಮೇಲೆ ಹುಡುಗನಿಗೆ ಬಿಡಿ ಪದಗಳನ್ನು ಬಾಯಿಪಾಠ ಮಾಡುವದು ಕಷ್ಟವಾಗಿತ್ತು. ಆದರೆ ಕಾರಣ ತಿಳಿದ ಸಂಗತಿಯನ್ನು ಅವನು ಮರೆಯುತ್ತಿರಲಿಲ್ಲ.

ಪ್ರಕೃತಿಶಾಸ್ತ್ರವನ್ನು ಕಲಿಯಬೇಕೆಂಬುದು ಅವನ ಆಶೆಯಾಗಿತ್ತು. ಆದರೆ ಉಪಾಧ್ಯಾಯನ ಸಂಬಳದಿಂದ ಅಂಥ ಓದಿನ ವೆಚ್ಚವನ್ನು ಹೊರುವದು ಸಾಧ್ಯವಾಗಲಿಲ್ಲ. ಬರ್ಲಿನಿನಲ್ಲಿ ದಂಡಿನ ವೈದ್ಯರನ್ನು ತಯಾರಿಸುವ ಸರಕಾರದ ವಿದ್ಯಾಲಯವೊಂದಿತ್ತು. ಅಲ್ಲಿ ಧರ್ಮಾರ್ಥವಾಗಿ ಕಲಿತವರು ಎಂಟು ವರುಷ ದಂಡಿನಲ್ಲಿ ಸೇವೆಮಾಡಬೇಕೆಂಬ ಕರಾರಿತ್ತು. 1838ರಲ್ಲಿ ಹೆಲ್ಮ್‌ಹೋಲ್ಟ್ಸನು ಆ ಕರಾರಿಗೆ ಒಪ್ಪಿ ವೈದ್ಯವಿದ್ಯೆಗೆ ಸೇರಿದನು. 1841ರಲ್ಲಿ ಅವನು ಟೈಫಸ್ ಜ್ವರದಿಂದ ಮಲಗಿದಾಗ, ವಿದ್ಯಾರ್ಥಿಯಾದ ಕಾರಣ ಆಸ್ಪತ್ರೆಯಲ್ಲಿ ಅವನಿಗೆ ಖರ್ಚಿಲ್ಲದೆ ಆರೈಕೆ ನಡೆಯಿತು. ಆ ದಿನಗಳಲ್ಲಿ ಉಳಿದ ಚಿಕ್ಕ ಹಣದಿಂದ ಅವನು ಸಾಧಾರಣವಾದ ಒಂದು ಸೂಕ್ಷ್ಮದರ್ಶಕವನ್ನು ಕೊಂಡುಕೊಂಡು, ಅದರಿಂದಲೇ ನರಗಳ ರಚನೆಯನ್ನು ಪರೀಕ್ಷಿಸಿ 1842ರಲ್ಲಿ ವೈದ್ಯಪದವಿಯನ್ನು ಪಡೆದನು. ಬಡತನವು ಅವನನ್ನು ಇಷ್ಟವಿಲ್ಲದ ದಾರಿಗೆ ತಿರುಗಿಸಿದರೂ, ಪ್ರಕೃತಿಶಾಸ್ತ್ರವನ್ನೂ ಶರೀರವಿದ್ಯೆಯನ್ನೂ ಒಂದೇ ಕೈಯಲ್ಲಿ ಹಿಡಿಯುವ ಯೋಗ್ಯತೆಯು ಆ ದಾರಿಯಲ್ಲಿಯೇ ದೊರೆಯಿತು.

ದಂಡಿನ ವೈದ್ಯನಾಗಿ ಪೊಟ್ಸ್‌ಡಾಮಿನಲ್ಲಿರುವಾಗ, 1847ರಲ್ಲಿ, ಲೋಕದಲ್ಲಿ ಶಕ್ತಿಯು ರೂಪ ಬದಲಾಯಿಸಿಕೊಳ್ಳುತ್ತದೆಯೇ ಹೊರತು ಹೊಸದಾಗಿ ಹುಟ್ಟುವದೂ ಇಲ್ಲ, ನಾಶವಾಗುವದೂ ಇಲ್ಲ ಎಂದು ತೋರಿಸುವ ಪ್ರಬಂಧವನ್ನು ಬರೆದನು. ಆಗಿನ ಮುಖ್ಯ ಶಾಸ್ತ್ರಪತ್ರಿಕೆಯು ಅದನ್ನು ತಿರಸ್ಕರಿಸಿದ್ದರಿಂದ ಅದು ಬೇರೆ ಪುಸ್ತಕವಾಗಿ ಅಚ್ಚಾಯಿತು. ಮರುವರುಷ ದಂಡಿನ ಕರಾರಿನಿಂದ ಬಿಡುಗಡೆ ಹೊಂದಿ, 1849ರಲ್ಲಿ ಕ್ಯೋನಿಗ್ಸ್‌ಬರ್ಗ್ ನಗರದ ವಿಶ್ವವಿದ್ಯಾಲಯದಲ್ಲಿ ಶರೀರವಿದ್ಯೆಯ ಅಧ್ಯಾಪಕನಾದನು.

1850ರ ಕೊನೆಯಲ್ಲಿ ಅವನು ಶಿಷ್ಯರಿಗಾಗಿ ಒಂದು ಪಾಠವನ್ನು ಸಿದ್ಧಪಡಿಸುತ್ತಿದ್ದನು. ರಾತ್ರಿಯಲ್ಲಿ ದೀಪದ ಎದುರಿಗೆ ಬೆಕ್ಕಿನ ಕಣ್ಣು ಹೊಳೆಯುವದನ್ನು ಯಾರು ಕಂಡಿಲ್ಲ? ಮನುಷ್ಯನ ಕಣ್ಣನ್ನು ಸಹ ತಕ್ಕ ರೀತಿಯಲ್ಲಿ ನೋಡಿದರೆ ಕೆಂಪಾಗಿ ಹೊಳೆಯುವದೆಂದು ಅವನ ಸ್ನೇಹಿತನಾದ ಬ್ರ್ಯೂಕನು ತೋರಿಸಿದ್ದನು. ಇದನ್ನು ಶಿಷ್ಯರಿಗೆ ವಿವರಿಸಬೇಕಾಗಿದ್ದಾಗ ಹೆಲ್ಮ್‌ಹೋಲ್ಟ್ಸನು ತನ್ನೊಳಗೆ ಒಂದು ಪ್ರಶ್ನೆಯನ್ನು ಹಾಕಿಕೊಂಡನು: ಕಣ್ಣಿನಿಂದ ಹಿಂತಿರುಗಿ ಬರುವ ಆ ಕಿರಣಗಳು ಎಲ್ಲಿ ಕೂಡಿ ಯಾವ ಬಿಂಬವನ್ನು ಮಾಡುತ್ತವೆ?

ಉತ್ತರವು ಸರಳವಾಗಿತ್ತು. ಪಾಪೆಯ ಮೂಲಕ ಒಳಗೆ ಹೋದ ಬೆಳಕು ಹೋದ ದಾರಿಯಿಂದಲೇ ಹೊರಗೆ ಬರುತ್ತದೆ. ಆ ದಾರಿಯಲ್ಲಿ ಕಣ್ಣಿಟ್ಟು ನೋಡಲು ಹೋದವನ ತಲೆಯೇ ದೀಪಕ್ಕೆ ಅಡ್ಡವಾಗುತ್ತದೆ. ಆದದರಿಂದ ಪಾಪೆಯು ಕಪ್ಪಾಗಿ ತೋರುತ್ತದೆ. ಹೆಲ್ಮ್‌ಹೋಲ್ಟ್ಸನು ದೀಪವನ್ನು ಪಕ್ಕಕ್ಕಿಟ್ಟು, ತನ್ನ ಕಣ್ಣಿನ ಮುಂದೆ ತೆಳುವಾದ ಗಾಜಿನ ತುಂಡನ್ನು ಓರೆಯಾಗಿ ಹಿಡಿದನು. ದೀಪದ ಬೆಳಕು ಗಾಜಿಗೆ ತಗಲಿ ರೋಗಿಯ ಕಣ್ಣಿನೊಳಕ್ಕೆ ತಿರುಗಿತು. ಒಳಗಿಂದ ಮರಳಿದ ಬೆಳಕಿನಲ್ಲಿ ಒಂದು ಭಾಗವು ಅದೇ ಗಾಜನ್ನು ದಾಟಿ ಅವನ ಕಣ್ಣಿಗೆ ಬಂತು. ಬಿಂಬವನ್ನು ಸ್ಪಷ್ಟಪಡಿಸಲು ನಡುವೆ ಕನ್ನಡಕದ ಗಾಜನ್ನು ಇಟ್ಟನು. ರಟ್ಟು, ಅಂಟು, ಕನ್ನಡಕದ ಗಾಜು, ಸೂಕ್ಷ್ಮದರ್ಶಕದ ತೆಳುಗಾಜು, ಇಷ್ಟೇ ಅವನ ಸಾಮಗ್ರಿಗಳು. ಸುಮಾರು ಎಂಟು ದಿನ ಬಿಡದೆ ಪ್ರಯತ್ನಿಸಿದ ಮೇಲೆ ಬದುಕಿರುವ ಮನುಷ್ಯನ ಕಣ್ಣಿನ ಒಳಪರದೆಯೂ, ಅದರ ಮೇಲೆ ಹರಡಿದ ರಕ್ತನಾಳಗಳೂ, ನೋಟದ ನರವು ಬಂದು ಸೇರುವ ದುಂಡನೆಯ ಸ್ಥಳವೂ ಅವನಿಗೆ ಕಾಣಿಸಿದವು. ಅವನು ತಂದೆಗೆ ಕಾಗದ ಬರೆದು, ಇದಕ್ಕೆ ಪಾಠಶಾಲೆಯಲ್ಲಿ ಕಲಿತ ವಿದ್ಯೆಯೇ ಸಾಕಾಗಿತ್ತೆಂದೂ, ತಾನೂ ಇತರರೂ ಇದುವರೆಗೆ ಕಾಣದೆ ಇದ್ದದ್ದು ನಗೆಗೆ ತಕ್ಕದ್ದೆಂದೂ ತಿಳಿಸಿದನು. 1851ರಲ್ಲಿ ಈ ಉಪಕರಣದ ವಿವರಣೆಯು ಅಚ್ಚಾಯಿತು. ಈಗ ಇದನ್ನು ಆಫ್ತಾಲ್ಮೋಸ್ಕೋಪ್ ಎನ್ನುತ್ತಾರೆ.

ಎಲ್ಲರೂ ಕೂಡಲೇ ಇದನ್ನು ಒಪ್ಪಲಿಲ್ಲ. ರೋಗವಿರುವ ಕಣ್ಣಿಗೆ ಇಷ್ಟು ಬೆಳಕನ್ನು ಬಿಡುವದು ಅಪಾಯವೆಂದು ಒಬ್ಬ ವೈದ್ಯನು ದೂರವಿಟ್ಟನು. ಮತ್ತೊಬ್ಬನು ತನ್ನ ಕಣ್ಣು ಚೆನ್ನಾಗಿರುವದರಿಂದ ಇದು ತನಗೆ ಬೇಡವೆಂದನು. ಇಂಗ್ಲೆಂಡಿನಲ್ಲಿ ಬಾಬೇಜನೆಂಬ ಪಂಡಿತನು 1847ರಲ್ಲಿಯೇ ಇಂಥ ಉಪಕರಣವೊಂದನ್ನು ಮಾಡಿ ಒಬ್ಬ ನೇತ್ರವೈದ್ಯನಿಗೆ ತೋರಿಸಿದ್ದನು. ಆ ವೈದ್ಯನು ಅದರ ಬೆಲೆಯನ್ನು ತಿಳಿಯದ್ದರಿಂದ ಅದು ಮೂಲೆಗೆ ಬಿದ್ದಿತ್ತು. ಉಪಕರಣವಿದ್ದರೆ ಸಾಲದು, ಅದನ್ನು ತಾಳ್ಮೆಯಿಂದ ರೋಗಿಗಳಲ್ಲಿ ಪರೀಕ್ಷಿಸಿ ನೋಡುವವನೂ ಬೇಕು.

ಹೆಲ್ಮ್‌ಹೋಲ್ಟ್ಸನಿಗೆ ಅಂಥವನು ದೊರಕಿದನು. ಬರ್ಲಿನಿನ ತರುಣ ನೇತ್ರವೈದ್ಯನಾದ ಅಲ್ಬ್ರೆಖ್ಟ್ ಫಾನ್ ಗ್ರೇಫನು ಆ ಉಪಕರಣದಿಂದ ತನ್ನ ಚಿಕಿತ್ಸಾಲಯದ ರೋಗಿಗಳ ಕಣ್ಣುಗಳನ್ನು ಒಂದೊಂದಾಗಿ ನೋಡಿ, ಕಂಡದ್ದನ್ನು ಬರೆದಿಡುತ್ತಾ ಬಂದನು. ಗ್ಲಾಕೋಮಾ ಎಂಬ ಕ್ರೂರ ರೋಗದಲ್ಲಿ ನೋಟದ ನರದ ತುದಿಯು ಬದಲಾಗಿರುವದು ಅವನಿಗೆ ಕಂಡಿತು. ಮೊದಲು ಅವನು ಅದನ್ನು ಊತವೆಂದು ತಿಳಿದನು. ಮುಂದೆ ಅದು ಕುಳಿಯೆಂದು ಗೊತ್ತಾದಾಗ ತನ್ನ ತಪ್ಪನ್ನು ತಾನೇ ತಿದ್ದಿದನು. ಕಣ್ಣಿನ ಒಳಗಣ ಒತ್ತಡವು ಏರಿದ್ದರಿಂದ ನರವು ಹೀಗೆ ಕುಗ್ಗುತ್ತದೆಂದು ಅರಿತು, ಪಾಪೆಯ ಸುತ್ತಲಿರುವ ಬಣ್ಣದ ಪರದೆಯಿಂದ ಚಿಕ್ಕ ತುಂಡನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು 1857ರಲ್ಲಿ ಪ್ರಕಟಪಡಿಸಿದನು. ಒತ್ತಡವು ಒಮ್ಮೆಗೇ ಏರಿ ತೀವ್ರ ನೋವಿನೊಡನೆ ಬರುವ ಗ್ಲಾಕೋಮಾದಲ್ಲಿ ಅದುವರೆಗೆ ಕುರುಡರಾಗುತ್ತಿದ್ದ ಅನೇಕರ ಕಣ್ಣು ಹೀಗೆ ಉಳಿಯಿತು.

ಹೆಲ್ಮ್‌ಹೋಲ್ಟ್ಸನು ಕಣ್ಣಿನಿಂದ ಕಿವಿಗೂ ತಿರುಗಿದನು. ಬರಿದಾದ ಗಡಿಗೆಯ ಬಾಯಿಯ ಬಳಿ ಕೂಗಿದರೆ ಅದು ತನಗೆ ತಕ್ಕ ಸ್ವರಕ್ಕೆ ಮಾತ್ರ ಹೆಚ್ಚಾಗಿ ಮಾರ್ದನಿಗೊಡುತ್ತದೆ. ಅದರಂತೆ ಬೇರೆ ಬೇರೆ ಗಾತ್ರದ ಟೊಳ್ಳು ಗುಂಡುಗಳನ್ನು ಕಿವಿಗಿಟ್ಟುಕೊಂಡು, ಒಂದು ಧ್ವನಿಯೊಳಗೆ ಕೂಡಿರುವ ಹಲವು ಸ್ವರಗಳನ್ನು ಬೇರ್ಪಡಿಸಿದನು. ಒಳಗಿವಿಯಲ್ಲಿರುವ ಬಸವನಹುಳದ ಚಿಪ್ಪಿನಂಥ ಸುರುಳಿಯ ಒಂದೊಂದು ಸ್ಥಳವು ಒಂದೊಂದು ಸ್ವರಕ್ಕೆ ಮಿಡಿಯುತ್ತದೆಂದು 1863ರ ತನ್ನ ಗ್ರಂಥದಲ್ಲಿ ವಿವರಿಸಿದನು. ಅಲ್ಲಿ ತಂತಿಗಳಂತೆ ಬಿಡಿಬಿಡಿಯಾದ ಮಿಡಿತವಿದೆ ಎಂಬ ಅವನ ಎಣಿಕೆಯು ಪೂರ್ಣವಾಗಿ ಸರಿಯಲ್ಲ; ಅಲೆಯೊಂದು ಸುರುಳಿಯುದ್ದಕ್ಕೂ ಸಾಗುತ್ತದೆಂದು ಬೇಕೇಷಿ ಎಂಬ ಪಂಡಿತನು ತೋರಿಸಿ 1961ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಆದರೂ ಸ್ವರಕ್ಕೊಂದು ಸ್ಥಳವೆಂಬ ಮುಖ್ಯ ಮಾತು ನಿಂತಿದೆ. ಕಿವುಡುತನವನ್ನು ಪರೀಕ್ಷಿಸುವವರು ಇಂದಿಗೂ ಸ್ವರಗಳನ್ನು ಒಂದೊಂದಾಗಿ ಕೇಳಿಸಿ, ಯಾವದು ಕೇಳಿಸುವದಿಲ್ಲವೆಂದು ಗುರುತಿಸುತ್ತಾರೆ.

ಅವನ ಮನೆಯಲ್ಲಿ ದುಃಖವೂ ಇತ್ತು. ಹೆಂಡತಿಯಾದ ಓಲ್ಗಾ ಬಹುಕಾಲ ರೋಗದಿಂದ ಬಳಲಿ, ಇಬ್ಬರು ಚಿಕ್ಕ ಮಕ್ಕಳನ್ನು ಬಿಟ್ಟು 1859ರಲ್ಲಿ ತೀರಿಕೊಂಡಳು. 1861ರಲ್ಲಿ ಅವನು ಆನ್ನಾ ಎಂಬವಳನ್ನು ಮದುವೆಯಾದನು. 1871ರಲ್ಲಿ ಬರ್ಲಿನಿಗೆ, ಬಾಲ್ಯದಲ್ಲಿ ಆಶಿಸಿದ ಪ್ರಕೃತಿಶಾಸ್ತ್ರದ ಅಧ್ಯಾಪಕನಾಗಿಯೇ ಬಂದನು. ಪದವಿ ಮರ್ಯಾದೆಗಳು ತಾವಾಗಿ ಹುಡುಕಿಕೊಂಡು ಬಂದವು. 1886ರಲ್ಲಿ ನೇತ್ರವೈದ್ಯರು ಕೂಡಿ, ಆಗಲೇ ತೀರಿಹೋಗಿದ್ದ ಗ್ರೇಫನ ಹೆಸರಿನ ಪದಕವನ್ನು ಮೊಟ್ಟಮೊದಲು ಅವನಿಗೆ ಕೊಟ್ಟರು. ಆಗ ಅವನು ಒಂದು ಸಾಮ್ಯವನ್ನು ಹೇಳಿದನು. ಗ್ರೀಕರ ಮಹಾಶಿಲ್ಪಿಯಾದ ಫಿದಿಯಾಸನಿಗೆ ಗಟ್ಟಿಯಾದ ಉಳಿಯನ್ನು ಒಬ್ಬ ಕಮ್ಮಾರನು ಮಾಡಿಕೊಟ್ಟನೆಂದು ಎಣಿಸಿದರೆ, ವಿಗ್ರಹಗಳ ಕೀರ್ತಿಯು ಕಮ್ಮಾರನದಾಗದು; ತಾನು ಆ ಕಮ್ಮಾರನಷ್ಟೇ ಎಂಬದು ಅದರ ಅರ್ಥವಾಗಿತ್ತು.

1893ರಲ್ಲಿ ಅಮೇರಿಕಕ್ಕೆ ಹೋಗಿ ಹಿಂತಿರುಗುವಾಗ ಹಡಗಿನ ಮೆಟ್ಟಲುಗಳಿಂದ ಬಿದ್ದು ತಲೆಗೆ ಪೆಟ್ಟುಮಾಡಿಕೊಂಡನು. ಮರುವರುಷ ಸೆಪ್ಟೆಂಬರ್ 8ರಂದು, 73 ವರುಷದವನಾಗಿ ಬರ್ಲಿನಿನ ಬಳಿಯ ಶಾರ್ಲೊಟೆನ್‌ಬುರ್ಗದಲ್ಲಿ ಮರಣಹೊಂದಿದನು.

ವಾಚಕರೇ, ಈ ಚರಿತ್ರೆಯಲ್ಲಿ ನಮಗೂ ಒಂದು ಕೆಲಸವಿದೆ. ಗ್ಲಾಕೋಮಾವು ಹೆಚ್ಚಾಗಿ ನೋವಿಲ್ಲದೆ ಬಂದು ನೋಟದ ಅಂಚನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಹೋದ ನೋಟವು ಯಾವ ಔಷಧದಿಂದಲೂ ಮರಳುವದಿಲ್ಲ, ಉಳಿದದ್ದನ್ನು ಮಾತ್ರ ಕಾಪಾಡಬಹುದು. ಸಕ್ಕರೆ ರೋಗವೂ ಕಣ್ಣಿನ ಒಳಪರದೆಯನ್ನು ಹಾಗೆಯೇ ಕೆಡಿಸುತ್ತದೆ. ಆದದರಿಂದ ಸಕ್ಕರೆ ರೋಗವುಳ್ಳವರು ವರುಷಕ್ಕೊಮ್ಮೆ, ಮನೆತನದಲ್ಲಿ ಗ್ಲಾಕೋಮಾ ಇರುವವರೂ 40 ವರುಷ ದಾಟಿದವರೂ ವೈದ್ಯನು ಹೇಳುವ ಕಾಲಕ್ಕೆ, ಕಣ್ಣಿನ ಒಳಗನ್ನು ತೋರಿಸಿಕೊಳ್ಳತಕ್ಕದ್ದು. ಕಣ್ಣು ಚೆನ್ನಾಗಿ ಕಾಣುತ್ತದಲ್ಲಾ ಎಂದು ತಡಮಾಡಬಾರದು. ಯಾಕಂದರೆ ಚೆನ್ನಾಗಿ ಕಾಣುವಾಗಲೇ ತೋರಿಸಿಕೊಂಡವರ ಕಣ್ಣನ್ನು ಕಾಪಾಡುವದು ಸುಲಭ.