ಎಂಜಿನ್ ಎಳೆಯದಿದ್ದಾಗ ನೆನೆಯಬೇಕಾದ ಮನುಷ್ಯ

ನಿಮ್ಮ ಡೀಸೆಲ್ ಕಾರೋ ಜೀಪೋ ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ನಾಲ್ಕು ಮೂಟೆ ಹೇರಿಕೊಂಡು ಏರು ಹತ್ತುವಾಗ ಮಾತ್ರ ಇದ್ದಕ್ಕಿದ್ದಂತೆ ಸೋತುಬಿಡುತ್ತದೆ. ಬದಿಗೆ ನಿಲ್ಲಿಸಿ, ಆರಿಸಿ, ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ದೋಷ ಕಾಣುವುದೇ ಇಲ್ಲ. ಹೀಗೆ ಬಂದು ಹೋಗುವ ರೋಗಕ್ಕೆ ಇಂದು ಪಂಪು, ನಾಳೆ ಟರ್ಬೊ ಎಂದು ಊಹೆಯ ಮೇಲೆ ಭಾಗಗಳನ್ನು ಬದಲಾಯಿಸುತ್ತ ಹೋದರೆ ಒಂದು ಬೆಳೆಯ ದುಡ್ಡೇ ಕರಗಿಹೋದೀತು. ಅದಕ್ಕೆ ಮೊದಲು, ಈ ಎಂಜಿನ್‌ಗೆ ತನ್ನ ಹೆಸರು ಬಿಟ್ಟುಹೋದ ರುಡಾಲ್ಫ್ ಡೀಸೆಲ್‌ನ ಬದುಕನ್ನು ಒಮ್ಮೆ ತಿಳಿದುಕೊಳ್ಳಿ. ಅದರಲ್ಲಿ ನಿಮಗೆ ಬೇಕಾದ ಪಾಠವಿದೆ.

ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸಿನಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯದವರು. ತಂದೆಯದು ಚರ್ಮದ ಸಾಮಾನು ತಯಾರಿಸುವ ಕಸುಬು. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿಕೊಂಡಾಗ ಈ ಕುಟುಂಬ ಊರು ಬಿಟ್ಟು ಲಂಡನ್ ಸೇರಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಗಣಿತದ ಉಪಾಧ್ಯಾಯನಾಗಿದ್ದ ಬಂಧುವೊಬ್ಬನ ಮನೆಗೆ ಕಳಿಸಿದರು. ಪರರ ಆಸರೆಯಲ್ಲಿ ಓದಿದ ಹುಡುಗ ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯ ಸೇರಿ, 1880ರಲ್ಲಿ ಅತ್ಯುತ್ತಮ ಅಂಕಗಳೊಂದಿಗೆ ತೇರ್ಗಡೆಯಾದ.

ಅಲ್ಲಿ ಆತನಿಗೆ ಗುರುವಾಗಿದ್ದವನು ಮಂಜುಗಡ್ಡೆ ಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ. ಆ ಕಾಲದ ಉಗಿಯಂತ್ರ ಸುಡುವ ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲು ಕೂಡ ಕಷ್ಟದಿಂದ ಕೆಲಸಕ್ಕೆ ಬರುತ್ತಿತ್ತು. ಉಳಿದದ್ದೆಲ್ಲ ವ್ಯರ್ಥ. ಪಾಠದಲ್ಲಿ ಕೇಳಿದ ಈ ಲೆಕ್ಕ ಡೀಸೆಲ್‌ನ ತಲೆಯಲ್ಲಿ ಕೂತುಬಿಟ್ಟಿತು. ಲಿಂಡೆಯ ಯಂತ್ರಗಳ ಕೆಲಸದಲ್ಲಿ ಪ್ಯಾರಿಸಿನಲ್ಲಿ ಹತ್ತು ವರ್ಷ ದುಡಿದರೂ ಆ ಯೋಚನೆ ಬಿಡಲಿಲ್ಲ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಬಲ್ಲಿರಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸಾಕಷ್ಟು ಬಲವಾಗಿ ಒತ್ತಿದರೆ, ಒಳಗೆ ಬಿದ್ದ ಎಣ್ಣೆ ಕಿಡಿಯ ಹಂಗಿಲ್ಲದೆ ತಾನಾಗಿ ಹತ್ತಿಕೊಳ್ಳುತ್ತದೆ. ಇದೇ ಡೀಸೆಲ್‌ನ ಉಪಾಯದ ತಿರುಳು. 1892ರಲ್ಲಿ ಆತ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ. ಅದು ಮರುವರ್ಷ ಕೈಸೇರಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯೂ ಕ್ರುಪ್ ಕಂಪನಿಯೂ ಪ್ರಯೋಗಕ್ಕೆ ಹಣ ಹಾಕಲು ಒಪ್ಪಿದವು.

1893ರ ಆಗಸ್ಟ್ 10ರಂದು ಮೊದಲ ಪ್ರಯೋಗ. ಸಿಲಿಂಡರಿನೊಳಗಿನ ಒತ್ತಡವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಅಳತೆಯ ಉಪಕರಣವನ್ನು ಎಂಜಿನ್‌ಗೆ ಜೋಡಿಸಿದ್ದರು. ಎಣ್ಣೆ ಹತ್ತಿಕೊಂಡಿತು. ಆದರೆ ಸ್ಫೋಟದ ಹೊಡೆತಕ್ಕೆ ಆ ಉಪಕರಣವೇ ಸಿಡಿದು ಚೂರಾಯಿತು. ಪಕ್ಕದಲ್ಲಿದ್ದವರು ಬದುಕಿದ್ದೇ ಹೆಚ್ಚು. ಎಂಜಿನ್ ಓಡಲಿಲ್ಲ. 1894ರ ಫೆಬ್ರುವರಿಯಲ್ಲಿ ಸುಧಾರಿಸಿದ ಎಂಜಿನ್ ಒಂದು ನಿಮಿಷದಷ್ಟು ತಾನಾಗಿ ತಿರುಗಿತು. ಆಮೇಲೂ ಮೂರು ವರ್ಷದ ದುಡಿಮೆ. ಪ್ರತಿಸಲವೂ ಅಳತೆಯ ಗೆರೆ ನೋಡುವುದು, ಕೊರತೆ ಗಾಳಿಯಲ್ಲೋ ಒತ್ತಡದಲ್ಲೋ ಎಣ್ಣೆ ಚಿಮುಕಿಸುವುದರಲ್ಲೋ ಎಂದು ತಿಳಿಯುವುದು, ತಿದ್ದುವುದು, ಮತ್ತೆ ಅಳೆಯುವುದು.

1897ರ ಫೆಬ್ರುವರಿಯಲ್ಲಿ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಎಂಜಿನನ್ನು ಪರೀಕ್ಷಿಸಿದ. ಸುಮಾರು 20 ಅಶ್ವಶಕ್ತಿಯ ಆ ಎಂಜಿನ್ ಇಂಧನದ ಶಾಖದಲ್ಲಿ ಶೇಕಡ 26.2ರಷ್ಟನ್ನು ಕೆಲಸವಾಗಿ ಮಾರ್ಪಡಿಸಿತ್ತು. ಲೋಕವೇ ಬೆರಗಾಯಿತು.

ಮೂರು ಪ್ರಶ್ನೆಗಳು

ಈಗ ನಿಮ್ಮ ಕಾರಿನ ವಿಷಯಕ್ಕೆ ಬನ್ನಿ. ಡೀಸೆಲ್ ಅಂದು ಕೇಳಿಕೊಂಡ ಮೂರೇ ಪ್ರಶ್ನೆಗಳು ಇಂದಿಗೂ ಸಾಕು: ಗಾಳಿ ಸಾಕಷ್ಟಿದೆಯೇ? ಒತ್ತಡ ಸರಿಯಿದೆಯೇ? ಎಣ್ಣೆ ಸರಿಯಾಗಿ ಬರುತ್ತಿದೆಯೇ? ಇವುಗಳಲ್ಲಿ ಒತ್ತಡದ ದೋಷ, ಅಂದರೆ ರಿಂಗು, ವಾಲ್ವು ಸವೆದದ್ದು, ಸಾಮಾನ್ಯವಾಗಿ ಬಂದು ಹೋಗುವುದಿಲ್ಲ. ಅದು ದಿನವೂ ಇರುತ್ತದೆ. ಮುಂಜಾನೆ ಎಂಜಿನ್ ಚಾಲೂ ಆಗಲು ಸತಾಯಿಸುತ್ತದೆ. ಆಗಾಗ ಬಂದು ಮಾಯವಾಗುವ ಸೋಲಿಗೆ ಮೊದಲು ಗಾಳಿ ಮತ್ತು ಎಣ್ಣೆಯ ದಾರಿಗಳನ್ನು ನೋಡಿ.

ಹೊಗೆಯನ್ನು ಗಮನಿಸಿ. ಸೋಲುವಾಗ ದಟ್ಟ ಕಪ್ಪು ಹೊಗೆ ಬಂದರೆ ಎಣ್ಣೆ ಬರುತ್ತಿದೆ, ಅದಕ್ಕೆ ತಕ್ಕ ಗಾಳಿ ಸಾಲುತ್ತಿಲ್ಲ ಎಂದು ಸಾಮಾನ್ಯವಾಗಿ ತಿಳಿಯಬಹುದು. ಹೊಗೆಯಿಲ್ಲದೆ ಸೊರಗಿದರೆ ಎಣ್ಣೆಯ ಕೊರತೆಯನ್ನು ಶಂಕಿಸಿ. ಹೊಸ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುವುದರಿಂದ ಕಪ್ಪು ಹೊಗೆ ಕಾಣದೇ ಇರಬಹುದು. ಆ ಜರಡಿ ಕಟ್ಟಿಕೊಂಡರೂ ಶಕ್ತಿ ಕುಂದುತ್ತದೆ.

ಕಾರ್ಖಾನೆಯಿಂದ ಹೊರಗೆ

ಕೀರ್ತಿ ಬಂದ ಬೆನ್ನಿಗೇ ಡೀಸೆಲ್‌ಗೆ ಕಷ್ಟವೂ ಬಂತು. 1898ರಲ್ಲಿ ಕೆಂಪ್ಟೆನ್ ಎಂಬ ಊರಿನ ಬೆಂಕಿಕಡ್ಡಿ ಕಾರ್ಖಾನೆಗೆ 60 ಅಶ್ವಶಕ್ತಿಯ ಎಂಜಿನ್ ಹೋಯಿತು. ಪ್ರಯೋಗಶಾಲೆಯಲ್ಲಿ ಪಳಗಿದವರ ಕೈಯಲ್ಲಿ ಓಡಿದ್ದು ಹೊರಗಿನ ಕೆಲಸದಲ್ಲಿ ಮತ್ತೆ ಮತ್ತೆ ರಿಪೇರಿ ಕೇಳಿತು. ಅದೇ ವರ್ಷ ಆಗ್ಸ್‌ಬರ್ಗ್‌ನಲ್ಲಿ ಡೀಸೆಲ್ ಎಂಜಿನ್‌ಗಳಿಗೆಂದೇ ಶುರುವಾದ ಹೊಸ ಕಾರ್ಖಾನೆಯ ಮಾಲು ದೋಷದಿಂದ ವಾಪಸು ಬರತೊಡಗಿ, ಅದು ಬೇಗನೆ ನಿಂತುಹೋಯಿತು. ದುಡಿಮೆ, ಹಕ್ಕುಪತ್ರದ ವ್ಯಾಜ್ಯ, ಟೀಕೆ ಎಲ್ಲ ಸೇರಿ ಡೀಸೆಲ್‌ನ ಆರೋಗ್ಯ ಕುಸಿದು, ಚಿಕಿತ್ಸಾಲಯ ಸೇರಬೇಕಾಯಿತು.

ನಿಮ್ಮ ಗಾಡಿ ಓಡುವುದೂ ಧೂಳಿನಲ್ಲಿ, ಹಳ್ಳಕೊಳ್ಳದಲ್ಲಿ. ಆದ್ದರಿಂದ ಖರ್ಚಿಲ್ಲದ್ದನ್ನು ಮೊದಲು ನೋಡಿ. ಗಾಳಿ ಫಿಲ್ಟರು ಧೂಳಿನಿಂದ ಕಟ್ಟಿದೆಯೇ? ಡೀಸೆಲ್ ಫಿಲ್ಟರಿನ ಅವಧಿ ಮುಗಿದಿದೆಯೇ, ಅದರ ತಳದಲ್ಲಿ ನೀರು ನಿಂತಿದೆಯೇ? ಗಾಡಿ ಸೋತಾಗ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾದರೆ ಟ್ಯಾಂಕಿಗೆ ಗಾಳಿಯಾಡುವ ದಾರಿ ಕಟ್ಟಿದೆ ಎಂದರ್ಥ. ಟ್ಯಾಂಕಿನ ಕಸ ಹೀರುಕೊಳವೆಗೆ ಅಡ್ಡಬಂದರೂ, ಕೊಳವೆಯ ಸಂದಿನಲ್ಲಿ ಗಾಳಿ ನುಗ್ಗಿದರೂ ಹೀಗೆಯೇ ಆಗುತ್ತದೆ. ಒಂದು ಎಚ್ಚರಿಕೆ: ಎಂಜಿನ್ ಓಡುವಾಗ ಇಂಜೆಕ್ಟರಿನ ಕೊಳವೆಗಳ ಸೋರಿಕೆಯನ್ನು ಬೆರಳಿಟ್ಟು ನೋಡಬೇಡಿ. ಇಂದಿನ ಎಂಜಿನ್‌ಗಳಲ್ಲಿ ಅಲ್ಲಿಯ ಒತ್ತಡ ಸಾವಿರ ಬಾರ್‌ಗೂ ಮೀರುತ್ತದೆ. ಎಣ್ಣೆ ಚರ್ಮ ಸೀಳಿ ಒಳಹೊಕ್ಕೀತು.

ಟರ್ಬೊ ಬಂದ ಬಗೆ

ಸಿಲಿಂಡರಿಗೆ ಗಾಳಿಯನ್ನು ಮೊದಲೇ ಒತ್ತಿ ತುಂಬುವ ಯತ್ನವನ್ನು ಡೀಸೆಲ್ ಸಹ 1896-97ರ ಹೊತ್ತಿಗೆ ಮಾಡಿದ್ದ. ಶಕ್ತಿ ಹೆಚ್ಚಿತು, ಆದರೆ ಇಂಧನದ ಲೆಕ್ಕದಲ್ಲಿ ನಷ್ಟವೆಂದು ಅಳತೆ ತೋರಿಸಿದ್ದರಿಂದ ಕೈಬಿಟ್ಟ. ಹೊರಗೆ ಹೋಗುವ ಹೊಗೆಯ ಬಲದಿಂದಲೇ ಚಕ್ರ ತಿರುಗಿಸಿ ಗಾಳಿ ತುಂಬುವ ದಾರಿಗೆ ಹಕ್ಕುಪತ್ರ ಪಡೆದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ. ಅದು 1905ರಲ್ಲಿ. ನಿಮ್ಮ ಕಾರಿನ ಟರ್ಬೊ ಅದರದೇ ಸಂತತಿ.

ಟರ್ಬೊದಿಂದ ಎಂಜಿನ್‌ಗೆ ಬರುವ ರಬ್ಬರ್ ಕೊಳವೆ ಸೀಳಿದ್ದರೆ ನಿಂತಾಗ ಕಾಣದು. ಏರಿನಲ್ಲಿ ಒತ್ತಡ ಬಿದ್ದಾಗ ಬಾಯಿಬಿಟ್ಟು ಗಾಳಿ ಸೋರುತ್ತದೆ. ಕೊಳವೆಯ ಮೇಲೆ ಹೊಸ ಎಣ್ಣೆಪಸೆ, ಬುಸುಗುಟ್ಟುವ ಸದ್ದು ಇದರ ಗುರುತು. ಟರ್ಬೊವನ್ನು ಹತೋಟಿಯಲ್ಲಿಡುವ ಸಣ್ಣ ವ್ಯಾಕ್ಯೂಮ್ ಕೊಳವೆ ಬಿರುಕುಬಿಟ್ಟರೂ, ಟರ್ಬೊದ ಒಳಗಿನ ರೆಕ್ಕೆಗಳು ಮಸಿಯಿಂದ ಅಂಟಿದರೂ ಒತ್ತಡ ಏರುಪೇರಾಗುತ್ತದೆ. ಆಗ ಎಂಜಿನ್‌ನ ಕಂಪ್ಯೂಟರು ಯಂತ್ರ ಕೆಡದಿರಲೆಂದು ತಾನೇ ಶಕ್ತಿ ತಗ್ಗಿಸುತ್ತದೆ. ಆರಿಸಿ ಮತ್ತೆ ಚಾಲೂ ಮಾಡಿದರೆ ಗಾಡಿ ಸರಿಯಾಗುವುದು ಹಲವು ಸಲ ಇದೇ ಕಾರಣಕ್ಕೆ.

ಆದ್ದರಿಂದ ಭಾಗ ಬದಲಾಯಿಸುವ ಮೊದಲು ಮೆಕ್ಯಾನಿಕ್‌ಗೆ ಎರಡು ಕೆಲಸ ಹೇಳಿ. ಕಂಪ್ಯೂಟರಿನಲ್ಲಿ ಉಳಿದ ದೋಷದ ಗುರುತನ್ನು ಅಳಿಸದೆ ಬರೆದುಕೊಡಲಿ. ಸ್ಕ್ಯಾನರು ಜೋಡಿಸಿಕೊಂಡೇ, ನೀವು ಓಡಿಸುವಾಗ ಪಕ್ಕದಲ್ಲಿ ಕೂತು, ಗಾಡಿ ಸೋಲುವ ಏರಿನಲ್ಲೇ ಅಳೆಯಲಿ: ಬೇಕಾದ ಗಾಳಿಯ ಒತ್ತಡವೆಷ್ಟು, ಬಂದದ್ದೆಷ್ಟು, ಎಣ್ಣೆಯ ಒತ್ತಡ ಬೇಕಾದದ್ದೆಷ್ಟು, ಬಂದದ್ದೆಷ್ಟು. ಯಾವುದು ಕುಸಿಯಿತೋ ರೋಗ ಆ ದಾರಿಯಲ್ಲಿದೆ. ಡೀಸೆಲ್ ಎಂಜಿನ್‌ಗೆ ಜೋಡಿಸಿದ್ದ ಅಳತೆಯ ಉಪಕರಣದ ಕೆಲಸವನ್ನೇ ಇಂದು ಸ್ಕ್ಯಾನರು ಮಾಡುತ್ತದೆ. ಸೋತದ್ದು ಯಾವಾಗ, ಎಷ್ಟು ಹೊರೆಯಲ್ಲಿ, ಹೊಗೆ ಹೇಗಿತ್ತು ಎಂದು ನೀವೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅವರ ಕೆಲಸ ಅರ್ಧ ಹಗುರ.

ಕೊನೆಯ ಲೆಕ್ಕ

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದರು. ನಮ್ಮ ಹೊಂಗೆ ಎಣ್ಣೆಯ ಬಯೋಡೀಸೆಲ್ ಪ್ರಯತ್ನಗಳಿಗೆ ಅದು ಪೂರ್ವಜನೆನ್ನಬಹುದು. ಆದರೆ ಗಾಣದ ಎಣ್ಣೆಯನ್ನು ನೇರವಾಗಿ ಈಗಿನ ಕಾರಿಗೆ ಹಾಕಬೇಡಿ. ಅದರ ಮಂದಕ್ಕೆ ಇಂಜೆಕ್ಟರು ಕಟ್ಟಿಕೊಳ್ಳುತ್ತದೆ.

ಎಂಜಿನ್ ಗಟ್ಟಿಯಾಗಿ ಹಡಗಿಗೂ ಕಾರ್ಖಾನೆಗೂ ಏರಿದಂತೆ ಡೀಸೆಲ್‌ನ ಮನೆಯ ಲೆಕ್ಕ ಕೆಳಗಿಳಿಯಿತು. ಜಮೀನು, ನಿವೇಶನ, ಎಣ್ಣೆಬಾವಿಗಳ ವ್ಯವಹಾರದಲ್ಲಿ ಗಳಿಸಿದ್ದು ಕರಗಿತ್ತು. 1913ರ ಸೆಪ್ಟೆಂಬರ್ 29ರ ಸಂಜೆ ಆತ ಬೆಲ್ಜಿಯಂನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಹಡಗು ಹತ್ತಿದ. ಜೊತೆಯವರೊಡನೆ ಊಟ ಮಾಡಿ, ಬೆಳಗ್ಗೆ ಎಬ್ಬಿಸಲು ಹೇಳಿ ಕೋಣೆಗೆ ಹೋದ. ಬೆಳಗ್ಗೆ ಹಾಸಿಗೆ ಹಾಗೆಯೇ ಇತ್ತು, ಮನುಷ್ಯನಿರಲಿಲ್ಲ. ಕೆಲವು ದಿನಗಳ ನಂತರ ಡಚ್ ನಾವಿಕರಿಗೆ ಸಮುದ್ರದಲ್ಲಿ ಸಿಕ್ಕ ಶವದ ಮೇಲಿನ ಸಾಮಾನುಗಳನ್ನು ಮಗ ಗುರುತಿಸಿದ. ಆಗ ಡೀಸೆಲ್‌ಗೆ 55 ವರ್ಷ. ಸಾವಿನ ನಿಜ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಹೆಂಡತಿಯ ಬಳಿ ಬಿಟ್ಟುಹೋದ ಚೀಲದಲ್ಲಿ 20,000 ಮಾರ್ಕ್ ನಗದೂ, ಬ್ಯಾಂಕಿನ ಖಾತೆಗಳು ಬರಿದಾದದ್ದನ್ನು ತೋರಿಸುವ ಕಾಗದಗಳೂ ಇದ್ದವು.

ಎಂಜಿನ್‌ನ ಪ್ರತಿ ಹನಿ ಎಣ್ಣೆಗೂ ಲೆಕ್ಕವಿಟ್ಟವನಿಗೆ ಮನೆಯ ಸೋರಿಕೆಯನ್ನು ತಡೆಯಲಾಗಲಿಲ್ಲ. ನಿಮ್ಮ ಗಾಡಿ ಮುಂದಿನ ಸಲ ಏರಿನಲ್ಲಿ ಸೋತಾಗ ಊಹೆಗೆ ದುಡ್ಡು ಸುರಿಯಬೇಡಿ. ಮೊದಲು ಅಳೆಯಿರಿ, ಆಮೇಲೆ ರಿಪೇರಿಯ ಮಾತಾಡಿ. ಆ ರಿಪೇರಿಗೆ ಸಾಲ ಮಾಡುವ ಮೊದಲು ಮನೆಯ ಪುಸ್ತಕವನ್ನೂ ತೆರೆದು ನೋಡಿ.