ಹೆರ್ಮನ್ ಮೋಗ್ಲಿಂಗ್: ಗ್ರಂಥಪ್ರಕಟಣೆ ಮತ್ತು ಸೇವೆಯ ನಡುವೆ

ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಹೆರ್ಮನ್ ಮೋಗ್ಲಿಂಗ್ ಅವರ ಹೆಸರು ಸುಪರಿಚಿತವಾಗಿದೆ. ‘ಮಂಗಳೂರ ಸಮಾಚಾರ’ ಪ್ರಕಟವಾದ 1843ರ ಜುಲೈ 1ರ ನೆನಪಿಗೆ ಕರ್ನಾಟಕದಲ್ಲಿ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯ ಪ್ರಸ್ತಾಪವಿಲ್ಲದೆ ಗ್ರಂಥಸಂಪಾದನೆಯ ಚರಿತ್ರೆ ಪೂರ್ಣವಾಗುವುದಿಲ್ಲ. ಆದರೆ ಇವೆರಡೂ ಅವರ ನಿತ್ಯದ ಉದ್ಯೋಗಗಳಾಗಿರಲಿಲ್ಲ ಎಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಅಷ್ಟಾಗಿ ಗಮನಿಸಿದಂತಿಲ್ಲ. ಶಾಲೆ, ಸಭೆ, ಉಪದೇಶಗಳ ದಿನಚರಿಯಲ್ಲಿ ಉಳಿದ ಹೊತ್ತಿನಲ್ಲಿ ಅವರು ಸಾಹಿತ್ಯದ ಕೆಲಸ ಮಾಡಿದರು. ನೊಂದವರ ಕರೆ ಬಂದಾಗ ಮೊದಲು ಪಕ್ಕಕ್ಕೆ ಸರಿದದ್ದೂ ಸಾಹಿತ್ಯದ ಕೆಲಸವೇ.

1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮಿನಲ್ಲಿ ಜನಿಸಿದ ಮೋಗ್ಲಿಂಗ್ ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರ ಓದಿದರು. 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದರು. ಮಿಶನ್ ಅಲ್ಲಿ ನೆಲೆಯೂರಿ ಆಗಿನ್ನೂ ಎರಡೇ ವರ್ಷಗಳಾಗಿದ್ದವು. ಕಲಿಸುವ ಹೊಣೆ ಹೊತ್ತ ಮೋಗ್ಲಿಂಗ್ ಪಾಠ ಹೇಳಿ ಬಂಗಲೆಗೆ ಹಿಂದಿರುಗುವ ಯಜಮಾನರಾಗಲಿಲ್ಲ. ಹುಡುಗರಿದ್ದ ಕಡೆಯೇ ವಾಸ, ಅವರು ಉಣ್ಣುವ ಅನ್ನವೇ ಊಟ. ಹತ್ತೊಂಬತ್ತನೆಯ ಶತಮಾನದ ಒಬ್ಬ ಐರೋಪ್ಯನಿಗೆ ಇದು ಸಣ್ಣ ನಿರ್ಧಾರವೇನಲ್ಲ. ಹೀಗೆ ಬದುಕುವವನಿಗೆ ಸ್ವಂತದ್ದೆನ್ನುವ ಸಮಯ ತೀರ ಕಡಿಮೆ.

‘ಮಂಗಳೂರ ಸಮಾಚಾರ’ ಪಕ್ಷಕ್ಕೊಮ್ಮೆ ಕಲ್ಲಚ್ಚಿನಲ್ಲಿ ಹೊರಬಂದದ್ದು ಇಂತಹ ಬಿಡುವಿಲ್ಲದ ಬದುಕಿನ ನಡುವೆ. 1844ರ ಆರಂಭದಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಸಾರಸ್ವತ ತರುಣರು ಕ್ರೈಸ್ತ ಧರ್ಮ ಸ್ವೀಕರಿಸಿದಾಗ ಮಂಗಳೂರು ಕ್ಷೋಭೆಗೊಂಡಿತು. ಬಂಧುಬಳಗದಿಂದ ದೂರವಾದ ಈ ತರುಣರ ಹೊಣೆ ಮೋಗ್ಲಿಂಗ್ ಅವರ ಮೇಲೆ ಬಿತ್ತು. ಅದೇ ವರ್ಷ ಪತ್ರಿಕೆ ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತು. ಅಲ್ಲಿದ್ದ ಮೊಳೆಯಚ್ಚಿನ ಅನುಕೂಲ ಇದಕ್ಕೆ ಕಾರಣವೆನ್ನುವುದುಂಟು. 1846ರಲ್ಲಿ ಯುರೋಪಿಗೆ ಹೋದಾಗ ಮೋಗ್ಲಿಂಗ್ ಕೌಂಡಿನ್ಯರನ್ನೂ ಜೊತೆಗೆ ಕರೆದೊಯ್ದರು. ಬಾಸೆಲಿನಲ್ಲಿ ಶಿಕ್ಷಣ ಪಡೆದ ಕೌಂಡಿನ್ಯ 1851ರಲ್ಲಿ ಮಿಶನರಿಯಾಗಿ ತಾಯ್ನಾಡಿಗೆ ಮರಳಿದರು.

‘ಬಿಬ್ಲಿಯೋಥಿಕಾ ಕರ್ನಾಟಿಕಾ’ದ ಕಥೆಯೂ ಇಂಥದೇ. ನೀಲಗಿರಿಯಲ್ಲಿ ನೆಲೆಸಿದ್ದ ಮದರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಹಣ ಒದಗಿಸಿದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಕಲ್ಲಚ್ಚಿಗೆ ಬಂದವು. ಉಪದೇಶಿಗಳನ್ನು ತಯಾರುಮಾಡುವ ಸೆಮಿನರಿಯ ಪಾಠಗಳ ನಡುವೆಯೇ ಈ ಪ್ರಕಟಣೆಯೂ ಸಾಗಿತು ಎಂಬುದನ್ನು ಇಲ್ಲಿ ನೆನೆಯಬೇಕು. ಇಂದಿನ ಸಂಪಾದನಾ ಶಾಸ್ತ್ರದ ಮಾನದಂಡದಿಂದ ಈ ಆವೃತ್ತಿಗಳ ಕೊರತೆಯನ್ನು ಎಣಿಸುವವರು ಅವು ಸಿದ್ಧವಾದ ಸಂದರ್ಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಅವರ ಬದುಕಿನ ನಿಜವಾದ ತಿರುವು ಕೊಡಗಿನದು. 1852ರ ಕೊನೆಯ ಹೊತ್ತಿಗೆ ಮೋಗ್ಲಿಂಗ್ ದಣಿದಿದ್ದರು. ಸ್ವದೇಶಕ್ಕೆ ಮರಳುವ ವಿಚಾರವಿತ್ತು. ಆಗ ದೀಕ್ಷೆ ಬಯಸಿ ಮಂಗಳೂರಿಗೆ ಬಂದವರು ಆಲ್ಮಂಡ ಸೋಮಯ್ಯ ಎಂಬ ಕೊಡವರು. ದೀಕ್ಷೆಯ ನಂತರ ತಮ್ಮ ಜನರ ನಡುವೆ ಅವರು ಒಂಟಿಯಾಗುವುದು ಖಚಿತವಿತ್ತು. ಮೋಗ್ಲಿಂಗ್ ಊರಿಗೆ ಮರಳುವ ವಿಚಾರ ಬಿಟ್ಟು 1853ರಲ್ಲಿ ಸೋಮಯ್ಯನವರೊಡನೆ ಘಟ್ಟ ಹತ್ತಿದರು. ಆಗ ಕೊಡಗು ಮಿಶನ್ನಿನ ಅಧಿಕೃತ ಕಾರ್ಯಕ್ಷೇತ್ರವಾಗಿರಲಿಲ್ಲ. ಮಂಗಳೂರಿನ ಅಚ್ಚುಕೂಟದಿಂದಲೂ ಸೆಮಿನರಿಯಿಂದಲೂ ಅವರು ದೂರವಾದದ್ದು ಹೀಗೆ.

ಕೊಡಗಿನಲ್ಲಿ ಅವರು ಕಂಡ ಇನ್ನೊಂದು ವಾಸ್ತವವೆಂದರೆ ಜಮ್ಮದ ಆಳುಗಳ ಬದುಕು. ಕಂಪನಿ ಸರ್ಕಾರ 1843ರ ಕಾಯಿದೆಯಿಂದ ಗುಲಾಮಗಿರಿಯ ಕಾನೂನು ಮಾನ್ಯತೆಯನ್ನು ತೆಗೆದುಹಾಕಿದ್ದರೂ ಭೂಮಿಗೆ, ಒಕ್ಕಕ್ಕೆ ಅಂಟಿದ ವಂಶಪಾರಂಪರ್ಯ ಜೀತ ಮುಂದುವರಿದಿತ್ತು. ಜೀತದಲ್ಲಿದ್ದವರಲ್ಲಿ ಹೊಲೆಯರು ಹೆಚ್ಚು. ಇವರಿಗಾಗಿ ಹುಟ್ಟಿಕೊಂಡದ್ದು ಆನಂದಪುರದ ನೆಲೆ. ಭೂಮಿಗೆ ಹಣ ಕೌಂಡಿನ್ಯರಿಂದ ಬಂತು, ಊರಿನ ಹೆಸರೂ ಅವರದೇ. ದುಡಿಮೆಗೆ ಕಾಫಿ ತೋಟವಿತ್ತು. ಮಂಗಳೂರಿನಲ್ಲಿ ಆಶ್ರಯ ಪಡೆದ ತರುಣನೇ ಕೊಡಗಿನಲ್ಲಿ ಆಶ್ರಯ ಕೊಡುವವನಾದದ್ದು ಈ ವೃತ್ತಾಂತದ ಅತ್ಯಂತ ಅರ್ಥಪೂರ್ಣ ಭಾಗವೆನ್ನಬಹುದು.

ಈ ಸೇವೆಯನ್ನು ಮತಾಂತರದ ಉದ್ದೇಶದಿಂದ ಬೇರ್ಪಡಿಸಿ ನೋಡಲಾಗದು. ಮೋಗ್ಲಿಂಗ್ ಅದನ್ನು ಮರೆಮಾಚಿದವರೂ ಅಲ್ಲ. ಒಡೆಯನ ಗದ್ದೆಯಿಂದ ಬಂದ ಆಳು ಮಿಶನರಿಯ ತೋಟದಲ್ಲಿ ಎಷ್ಟರಮಟ್ಟಿಗೆ ಸ್ವತಂತ್ರನಾದ ಎಂಬ ಪ್ರಶ್ನೆಯೂ ಉಳಿಯುತ್ತದೆ. ವಸಾಹತುಶಾಹಿ ಅಧ್ಯಯನಗಳು ಈ ಪ್ರಶ್ನೆ ಎತ್ತುವುದು ಸರಿಯೇ. ಆದರೆ ಸ್ಥಳೀಯ ಒಡೆತನದ ಕ್ರೌರ್ಯವನ್ನು ಬದಿಗಿಟ್ಟು ಮಿಶನರಿಯ ಉದ್ದೇಶವನ್ನಷ್ಟೇ ವಿಚಾರಣೆಗೆ ಒಳಪಡಿಸುವ ಕ್ರಮ ಅರೆಬರೆಯಾದುದು.

ಬರವಣಿಗೆ ಕೊಡಗಿನಲ್ಲೂ ನಿಲ್ಲಲಿಲ್ಲ. ‘ಕೂರ್ಗ್ ಮೆಮಾಯರ್ಸ್’ 1855ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆ ತೀರಿಕೊಂಡರು. ಮುಂದೆ ಮೋಗ್ಲಿಂಗ್ ಅವರ ವಿಧವೆ ಪೌಲೀನ್ ಅವರನ್ನು ವಿವಾಹವಾಗಿ ಮಕ್ಕಳ ಪಾಲನೆಯನ್ನೂ ವಹಿಸಿಕೊಂಡರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಎರಡು ವರ್ಷಗಳಲ್ಲೇ, 1860ರಲ್ಲಿ, ಪತ್ನಿಯ ಅನಾರೋಗ್ಯದಿಂದ ಭಾರತ ಬಿಡಬೇಕಾಯಿತು.

ಮುಂದಿನ ತಲೆಮಾರಿನ ಕಿಟೆಲ್ ಹಲವು ವರ್ಷ ದುಡಿದು 1894ರಲ್ಲಿ ನಿಘಂಟನ್ನು ಹೊರತಂದರು. ಅಂತಹ ಏಕೈಕ ಮಹಾಕೃತಿ ಮೋಗ್ಲಿಂಗ್ ಅವರ ಹೆಸರಿನಲ್ಲಿಲ್ಲ. ಸಾಮರ್ಥ್ಯದ ಕೊರತೆ ಇದಕ್ಕೆ ಕಾರಣವೆನ್ನಲು ಅವರ ಪ್ರಕಟಣೆಗಳನ್ನು ಕಂಡವರು ಒಪ್ಪಲಾರರು. ಸ್ವದೇಶದಲ್ಲಿ ಬಿಡುವು ದೊರೆತಾಗ ಅವರು ಮತ್ತೆ ಹಿಂದಿರುಗಿದ್ದು ದಾಸರ ಪದಗಳಿಗೆ. ಅವರು ಮಾಡಿದ ಜರ್ಮನ್ ಅನುವಾದಗಳು ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಗೊಂಡವು. 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ಅವರು ನಿಧನರಾದರು. ಮರುವರ್ಷವೇ, ತಲಚೇರಿಯಲ್ಲಿ ಮಲಯಾಳದ ಕೆಲಸ ಮಾಡಿದ್ದ ಗೆಳೆಯ ಹೆರ್ಮನ್ ಗುಂಡರ್ಟ್ ಅವರ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದು ಪ್ರಕಟಿಸಿದರು.