ಗಾಳಿಗೆ ಲೆಕ್ಕ ಕೊಟ್ಟ ಅನ್ನಾ ಮಣಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು 2001ರ ಬೇಸಿಗೆ. ಆಗಷ್ಟೇ ಒಂಬತ್ತನೇ ತರಗತಿ ಮುಗಿಸಿದ್ದೆ. ಸಿರುಗುಪ್ಪ ಕಡೆಯ ನಮ್ಮ ಗದ್ದೆಯಲ್ಲಿ ಎರಡನೇ ಬೆಳೆಯ ಭತ್ತ ಕೊಯ್ಲಿಗೆ ಬಂದಿತ್ತು. ಒಂದು ಸಂಜೆ ಕುರುಗೋಡು ಗುಡ್ಡಗಳ ದಿಕ್ಕಿನಿಂದ ಧೂಳೆದ್ದಿತು, ಅದರ ಬೆನ್ನಿಗೇ ಬಿರುಗಾಳಿ, ಆಲಿಕಲ್ಲು. ಬೆಳಗ್ಗೆ ಹೋಗಿ ನೋಡಿದರೆ ಪೈರೆಲ್ಲ ಚಾಪೆ ಹಾಸಿದಂತೆ ಮಲಗಿತ್ತು. ಕೊಟ್ಟಿಗೆಯ ತಗಡು ಎರಡು ಹೊಲದ ಆಚೆ ಬಿದ್ದಿತ್ತು. ಅಪ್ಪ ಪರಿಹಾರದ ಅರ್ಜಿ ಹಿಡಿದು ಕಚೇರಿಯೊಂದಕ್ಕೆ ಹೋದರು. ಗಾಳಿ ಎಷ್ಟು ವೇಗದಲ್ಲಿ ಬೀಸಿತು, ದಾಖಲೆ ಏನಿದೆ ಎಂದು ಅಲ್ಲಿ ಕೇಳಿದರಂತೆ. ಅಪ್ಪನ ಬಳಿ ಇದ್ದದ್ದು ಎರಡು ಕೈ ಅಗಲಿಸಿ ತೋರಿಸುವ ಅಳತೆ ಮಾತ್ರ. ಅರ್ಜಿ ಅಲ್ಲೇ ಉಳಿಯಿತು.

ಕಾಣದ ಗಾಳಿಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ನನ್ನೊಳಗೆ ಹಾಗೇ ಉಳಿಯಿತು. ಬಳ್ಳಾರಿಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದೆ. 2022ರ ಆಗಸ್ಟ್ 23ರಂದು ಮೊಬೈಲ್ ತೆರೆದಾಗ ಗೂಗಲ್‌ನ ಮುಖಪುಟದಲ್ಲಿ ಒಬ್ಬ ಮಹಿಳೆಯ ಚಿತ್ರ ಕಂಡಿತು. ಅಂದು ಅನ್ನಾ ಮಣಿಯವರ 104ನೇ ಜನ್ಮದಿನ. ಓದುತ್ತಾ ಹೋದಂತೆ, ನನ್ನ ಪ್ರಶ್ನೆಗೆ ಜೀವನವನ್ನೇ ಕೊಟ್ಟವರು ಇವರು ಎಂದು ತಿಳಿಯಿತು.

ಅನ್ನಾ ಮಣಿ 1918ರಲ್ಲಿ ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಹುಟ್ಟಿದರು. ಎಂಟು ಮಕ್ಕಳಲ್ಲಿ ಏಳನೆಯವರು. ಗಂಡುಮಕ್ಕಳಿಗೆ ಓದು, ಹೆಣ್ಣುಮಕ್ಕಳಿಗೆ ಮದುವೆ ಎಂಬ ಕಾಲವದು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಹೋದರೆ, ಈ ಹುಡುಗಿ ಅದು ಬೇಡವೆಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಸಂಪುಟಗಳನ್ನು ಕೇಳಿದಳು. ಗಾಂಧೀಜಿಯವರ ಪ್ರಭಾವದಿಂದ ಖಾದಿ ಉಟ್ಟರು, ಮದುವೆಯಾಗಲಿಲ್ಲ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೀರಿ ಹೊರಸೂಸುವ ಬಗೆಯನ್ನು ಅಧ್ಯಯನ ಮಾಡಿದರು. ಮೈಗೆ ಬೇಡವೆಂದ ವಜ್ರವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದರು ಅನ್ನಬಹುದು. ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು, ಮಹಾಪ್ರಬಂಧವನ್ನೂ ಬರೆದರು. ಆದರೆ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಮೇಖ್ರಿ ವೃತ್ತದ ಬಳಿ ಆ ಸಂಸ್ಥೆಯ ಮುಂದೆ ಎಷ್ಟೋ ವರ್ಷ ಬಸ್ಸಿನಲ್ಲಿ ಓಡಾಡಿದ ನನಗೆ ಇದು ಗೊತ್ತೇ ಇರಲಿಲ್ಲ.

ಪದವಿ ಸಿಗಲಿಲ್ಲವೆಂದು ಅವರು ಕುಳಿತುಕೊಳ್ಳಲಿಲ್ಲ. 1945ರಲ್ಲಿ ಭೌತಶಾಸ್ತ್ರ ಓದುವ ಆಸೆಯಿಂದ ಲಂಡನ್ನಿಗೆ ಹೋದರು. ಸಿಕ್ಕ ವಿದ್ಯಾರ್ಥಿವೇತನ ಮಾತ್ರ ಹವಾಮಾನ ಉಪಕರಣಗಳ ಅಧ್ಯಯನಕ್ಕೆ. ಬಂದದ್ದನ್ನು ಸ್ವೀಕರಿಸಿ ಕಲಿತರು, ಅದೇ ಅವರ ಬದುಕಿನ ದಾರಿಯಾಯಿತು.

1948ರಲ್ಲಿ ಮರಳಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಅದುವರೆಗೆ ಮಳೆಮಾಪಕದಂಥ ಸರಳ ಉಪಕರಣವೂ ಬ್ರಿಟನ್ನಿನಿಂದ ಬರಬೇಕಿತ್ತು. ಅವನ್ನು ನಾವೇ ತಯಾರಿಸಬೇಕೆಂದು ಹಟ ತೊಟ್ಟು, ಸುಮಾರು 100 ಹವಾಮಾನ ಉಪಕರಣಗಳ ನಕ್ಷೆಗಳನ್ನು ಒಂದೇ ಪ್ರಮಾಣಕ್ಕೆ ತಂದರು. 1953ರ ಹೊತ್ತಿಗೆ ಆ ವಿಭಾಗದ ಮುಖ್ಯಸ್ಥರಾಗಿದ್ದರು. ಅವರ ಕೈಕೆಳಗೆ 121 ಮಂದಿ ಗಂಡಸರು ದುಡಿಯುತ್ತಿದ್ದರು. ಮುಂದೆ ವಿಕ್ರಂ ಸಾರಾಭಾಯಿಯವರ ಕೋರಿಕೆಯಂತೆ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಸಜ್ಜುಗೊಳಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು.

ಅವರ ನಿಲುವು ಒಂದೇ ಆಗಿತ್ತು: ಅಳತೆ ಇಲ್ಲದಿರುವುದಕ್ಕಿಂತ ತಪ್ಪು ಅಳತೆ ಕೆಟ್ಟದ್ದು. ಗಾಳಿಯ ವಿಷಯದಲ್ಲಿ ಇದು ಎಷ್ಟು ನಿಜ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕು. ಗಾಳಿಮಾಪಕದಲ್ಲಿ ಮೂರು ಬಟ್ಟಲುಗಳು ಒಂದು ಕಂಬದ ತುದಿಯಲ್ಲಿ ಸುತ್ತುತ್ತವೆ. ಸುತ್ತು ಎಣಿಸಿದರೆ ವೇಗ ತಿಳಿಯುತ್ತದೆ. ಬೇರಿಂಗಿನಲ್ಲಿ ಧೂಳು ಸೇರಿದರೆ ಬಟ್ಟಲು ನಿಧಾನವಾಗಿ ಸುತ್ತಿ ವೇಗ ಕಡಿಮೆ ತೋರಿಸುತ್ತದೆ. ಮರ, ಗೋಡೆಗಳ ಮರೆಯಲ್ಲಿ ನಿಲ್ಲಿಸಿದರೂ ಅಷ್ಟೇ. ಅದಕ್ಕೇ ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಅಳೆಯಬೇಕೆಂಬ ನಿಯಮವಿದೆ. ಗಾಳಿಯ ವೇಗ ಎರಡು ಪಟ್ಟಾದರೆ ತಗಡಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಅದರಿಂದ ಸಿಗುವ ವಿದ್ಯುತ್ ಎಂಟು ಪಟ್ಟಾಗಬಹುದು. ವೇಗವನ್ನು ನೂರಕ್ಕೆ ಹತ್ತು ಹೆಚ್ಚಾಗಿ ಬರೆದರೆ ವಿದ್ಯುತ್ತಿನ ಲೆಕ್ಕ ನೂರಕ್ಕೆ 33ರಷ್ಟು ಹೆಚ್ಚಾಗಿಬಿಡುತ್ತದೆ.

ಯಂತ್ರವಿಲ್ಲದವರಿಗೂ ದಾರಿಯಿದೆ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ 1806ರಲ್ಲಿ ಸೊನ್ನೆಯಿಂದ ಆರಂಭವಾಗುವ ಗಾಳಿಯ ಶ್ರೇಣಿಯೊಂದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಮುಂದೆ ಅದನ್ನು ನೆಲದ ಮೇಲಿನ ಗುರುತುಗಳಿಗೂ ಹೊಂದಿಸಿದರು. ಸಣ್ಣ ರೆಂಬೆಗಳು ಮುರಿದು, ಗಾಳಿಗೆದುರು ನಡೆಯುವುದು ಕಷ್ಟವಾದರೆ 8ನೇ ಶ್ರೇಣಿ, ಗಂಟೆಗೆ 62ರಿಂದ 74 ಕಿ.ಮೀ. ಮರಗಳು ಬುಡಸಮೇತ ಉರುಳಿದರೆ 10ನೇ ಶ್ರೇಣಿ, 89ರಿಂದ 102 ಕಿ.ಮೀ. ಕಂಡದ್ದನ್ನು ಕಂಡ ಹಾಗೆ, ದಿನಾಂಕ, ಹೊತ್ತು ಸಹಿತ ಬರೆದಿಟ್ಟರೆ ಅದೂ ಒಂದು ಅಳತೆಯೇ. ಅಂದು ನಮ್ಮ ಮನೆಯಲ್ಲಿ ಅಷ್ಟನ್ನಾದರೂ ಬರೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಿವೃತ್ತಿಯ ನಂತರ ಅನ್ನಾ ಮಣಿ ಮತ್ತೆ ಬೆಂಗಳೂರಿಗೆ ಬಂದರು. ದೇಶದ ಬೇರೆ ಬೇರೆ ಕಡೆಯ ಗಾಳಿಯ ಅಳತೆಗಳನ್ನು ಕಲೆಹಾಕಿ 1983ರಲ್ಲಿ ಪುಸ್ತಕವಾಗಿ ತಂದರು. ಗಾಳಿಯ ವೇಗವನ್ನೂ ಬಿಸಿಲನ್ನೂ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯೊಂದನ್ನು ಬೆಂಗಳೂರಿನಲ್ಲೇ ನಡೆಸಿದರು. ಊರಿಂದ ಬೆಂಗಳೂರಿಗೆ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಎಲ್ಲಿ ಎಷ್ಟು ಗಾಳಿಯಿದೆ ಎಂದು ಮೊದಲು ಅಳೆಯದೆ ಅಂಥ ಯಂತ್ರ ನಿಲ್ಲಿಸಲಾಗದು. ದೇಶದಲ್ಲಿ ಆ ಅಳತೆಗೆ ಬುನಾದಿ ಹಾಕಿದವರಲ್ಲಿ ಇವರು ಪ್ರಮುಖರು.

2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ಅವರು ತೀರಿಕೊಂಡರು. ನಮ್ಮ ಭತ್ತ ಮಲಗಿದ ವರ್ಷವೇ ಅದು. ಆಗ ನಾನು ಇದೇ ಶಾಲೆಯ ಎಸ್ಸೆಸ್ಸೆಲ್ಸಿ ಬೆಂಚಿನಲ್ಲಿ ಕುಳಿತಿದ್ದೆ.

ಈ ಸುವರ್ಣ ಮಹೋತ್ಸವಕ್ಕೆ ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಒಂದು ಗಾಳಿಮಾಪಕ, ಒಂದು ಮಳೆಮಾಪಕ, ಜೊತೆಗೆ ದಪ್ಪನೆಯ ಒಂದು ದಾಖಲೆ ಪುಸ್ತಕ ಕೊಡುತ್ತಿದ್ದೇವೆ. ಗಾಳಿಮಾಪಕವನ್ನು ಬೇವಿನ ಮರದ ಮರೆಯಲ್ಲಿ ನಿಲ್ಲಿಸಬೇಡಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎಂದು ಗುರುಗಳಲ್ಲಿ ವಿನಂತಿ. ದಿನಕ್ಕೊಬ್ಬ ವಿದ್ಯಾರ್ಥಿ, ಅದರಲ್ಲೂ ನಮ್ಮ ಹೆಣ್ಣುಮಕ್ಕಳು, ನೋಡಿ ಬರೆದು ಸಹಿ ಹಾಕಲಿ. ಅದು ಸರ್ಕಾರಿ ದಾಖಲೆ ಆಗಲಿಕ್ಕಿಲ್ಲ. ಆದರೂ ಮುಂದೆ ಬಿರುಗಾಳಿ ಬಂದು ಯಾರಾದರೂ ರೈತರು ಅರ್ಜಿ ಬರೆಯುವಾಗ, ಬರಿಗೈ ಅಗಲಿಸಿ ತೋರಿಸುವ ಬದಲು ಶಾಲೆಗೆ ಬಂದು ಆ ಪುಸ್ತಕ ತೆರೆಯುವಂತಾಗಲಿ.